ಮೂರನೇ ಕುರ್ಚಿಯಲ್ಲಿ ಮೇಡಂ

ನಾನು ನಿಂತಿದ್ದು ಬಾಗಿಲ ಎಡಗಡೆ, ಗೋಡೆಗೆ ಬೆನ್ನು ತಾಗಿಸಿ. ಲಷ್ಕರ್ ಮೊಹಲ್ಲಾದ ಒಂದು ಕಿರಿದಾದ ಸೆಲೂನು ಅದು. ಉದ್ದದ ಕನ್ನಡಿಯ ಎದುರು ಮೂರು ಕುರ್ಚಿಗಳು. ರೋಲಿಂಗ್ ಶಟರನ್ನು ಸೊಂಟದ ಮಟ್ಟಕ್ಕೆ ಇಳಿಸಿದ್ದರು. ಅದು ತಾನಾಗಿಯೇ ಕೆಳಗೆ ಜಾರುತ್ತಿತ್ತು. ಅದರ ಕೆಳಪಟ್ಟಿಯನ್ನು ಹಿಡಿದುಕೊಂಡಿರುವುದು ನನ್ನ ಕೆಲಸವಾಗಿತ್ತು. ದಸರೆಗೆ ಇನ್ನೂ ಕೆಲವು ವಾರಗಳಿದ್ದ ಒಂದು ಮಂಗಳವಾರ, ಬೆಳಗ್ಗೆ ಹತ್ತು ಗಂಟೆ. ಮಂಗಳವಾರ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಮ್ಮೂರಿನ ಕ್ಷೌರದಂಗಡಿಗಳಿಗೆ ಅಂದು ರಜೆ. ಆ ರಜೆಯ ಕಾರಣಕ್ಕೇ ನಾವು ಅಂದು ಅಲ್ಲಿದ್ದೆವು.

ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಹೋದ ತಿಂಗಳು ನಮ್ಮ ಮೇಡಂ ತೀರಿಕೊಂಡರು. ವಿಜಯನಗರದ ಒಂದು ಸಭಾಂಗಣದಲ್ಲಿ ನುಡಿನಮನ ಇಟ್ಟುಕೊಂಡಿದ್ದರು. ಅಲ್ಲಿ ಮಾತಾಡಿದ ಒಬ್ಬರು, ಮೇಡಂ ಒಬ್ಬ ರೋಗಿಗಾಗಿ ದಸರಾ ಜನಜಂಗುಳಿಯ ನಡುವೆ ತಲೆ ಬೋಳಿಸಿಕೊಂಡರು ಎಂದರು. ಇನ್ನೊಬ್ಬರು, ಆ ರೋಗಿಗೆ ಹಾಕಿದ್ದು ಹೊರದೇಶದಿಂದ ತರಿಸಿದ ಎಲೆಕ್ಟ್ರಾನಿಕ್ ಕೈ ಎಂದರು. ಎರಡಕ್ಕೂ ಚಪ್ಪಾಳೆ ಬಿತ್ತು. ನಾನು ತಟ್ಟಲಿಲ್ಲ. ನಡೆದದ್ದು ಹಾಗಲ್ಲ. ನಡೆದ ಹಾಗೆ ಹೇಳಿದರೂ ಅದು ಸಣ್ಣದೇನಲ್ಲ. ಕತೆ ಇನ್ನೂ ಬೆಳೆಯುವ ಮೊದಲು, ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತೇನೆ. ಅವರ ಹೆಸರು ಬರೆಯುವುದಿಲ್ಲ. ಆಹ್ವಾನಪತ್ರಿಕೆಯಲ್ಲಿ ತಮ್ಮ ಹೆಸರು ಅಚ್ಚಾದರೂ ಸಿಡುಕುತ್ತಿದ್ದವರು ಅವರು. ವಿದ್ಯಾರ್ಥಿಗಳಿಗೂ ರೋಗಿಗಳಿಗೂ ಅವರು ಮೇಡಂ, ಅಷ್ಟೆ.

ಮೇಡಂ ನಮಗೆ ಕಲಿಸುತ್ತಿದ್ದುದು ಆಕ್ಯುಪೇಷನಲ್ ಥೆರಪಿ. ಹಾಗೆಂದರೇನು ಎಂದು ಯಾರಾದರೂ ಕೇಳಿದರೆ ಅವರದು ಒಂದೇ ಉತ್ತರ. "ಆಪರೇಷನ್ ಆಯ್ತು, ಗಾಯ ವಾಸಿ ಆಯ್ತು, ಮನೆಗೂ ಹೋದ. ಸೋಮವಾರ ಬೆಳಗ್ಗೆ ಎದ್ದು ಏನು ಮಾಡ್ತಾನೆ? ಅದು ನಮ್ಮ ಸಬ್ಜೆಕ್ಟು."

ಕುಳ್ಳಗಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಸೆರಗಿಗೆ ದಪ್ಪ ಪಿನ್ನು, ಬೆನ್ನ ಮೇಲೆ ಸೊಂಟ ದಾಟುವ ಜಡೆ. ಜಡೆ ಅರ್ಧ ಬೆಳ್ಳಗಾಗಿತ್ತು. ಕೆಲಸಕ್ಕೆ ನಿಂತಾಗ ಅದನ್ನು ಎರಡು ಸುತ್ತು ಸುತ್ತಿ ತುರುಬು ಹಾಕಿ ಪಿನ್ನು ಚುಚ್ಚುತ್ತಿದ್ದರು. ಹಿಂದೆ ಅರಮನೆಯಲ್ಲಿ ಓದು ಬರಹದ ಕೆಲಸಕ್ಕಿದ್ದ ಮನೆತನ ಅವರದು. ಅವರ ತಾತನಿಗೆ ಅರಮನೆಯಿಂದ ಸಂದ ಶಾಲು ಮನೆಯಲ್ಲಿ ಇನ್ನೂ ಇದೆ ಎಂದು ಯಾರೋ ಹೇಳಿದ್ದರು. ಮೇಡಂ ಹೇಳಿದ್ದಲ್ಲ. ಅವರ ಬಾಯಲ್ಲಿ ಮನೆತನದ ಮಾತು ಬಂದದ್ದನ್ನು ನಾನು ಕೇಳಿದ್ದು ಒಂದೇ ಸಲ. ಅದು ಮುಂದೆ ಬರುತ್ತದೆ.

ಕೃತಕ ಕೈಯ ಪಾಠದ ಮೊದಲ ದಿನ ಅವರು ಹಲಗೆಯ ಮೇಲೆ ಏನೂ ಬರೆಯುತ್ತಿರಲಿಲ್ಲ. ಒಂದು ಗಟ್ಟಿ ಪ್ಲಾಸ್ಟಿಕ್ ಚಿಪ್ಪನ್ನು ಮೇಜಿನ ಮೇಲೆ ಇಡುತ್ತಿದ್ದರು. ನಮ್ಮ ಬಲಗೈಯನ್ನು ಮುಷ್ಟಿ ಕಟ್ಟಿಸಿ ಅದರೊಳಗೆ ತೂರಿಸಬೇಕು. ಚಿಪ್ಪಿನ ತುದಿಗೆ ಉಕ್ಕಿನ ಎರಡು ಬೆರಳಿನಂಥ ಕೊಕ್ಕೆ. ಅಲ್ಲಿಂದ ಒಂದು ಕೇಬಲ್ಲು ಬೆನ್ನ ಹಿಂದೆ ಹಾದು ಎಡಭುಜದ ಪಟ್ಟಿಗೆ ಸೇರುತ್ತದೆ. ಭುಜವನ್ನು ಮುಂದಕ್ಕೆ ತಂದರೆ ಕೇಬಲ್ಲು ಎಳೆದು ಕೊಕ್ಕೆ ಬಾಯಿ ತೆರೆಯುತ್ತದೆ. ಸಡಿಲ ಬಿಟ್ಟರೆ ರಬ್ಬರ್ ಬ್ಯಾಂಡಿನ ಬಿಗಿತಕ್ಕೆ ಮುಚ್ಚಿಕೊಳ್ಳುತ್ತದೆ. ಕೈ ಕಳೆದುಕೊಂಡವರು ಮೊಂಡುಗೈಗೆ ಹಾಕಿಕೊಳ್ಳುವುದು ಇದನ್ನೇ. ನಾವು ಅದನ್ನು ಬೆಳಗ್ಗೆ ಕಟ್ಟಿಕೊಂಡರೆ ಸಂಜೆಯವರೆಗೆ ಬಿಚ್ಚುವ ಹಾಗಿಲ್ಲ. ಬಸ್ಸಿನಲ್ಲಿ ಚಿಲ್ಲರೆ ಕೊಡಬೇಕು, ಕ್ಯಾಂಟೀನಿನಲ್ಲಿ ಊಟ ಮಾಡಬೇಕು, ಚಪ್ಪಲಿಯ ಪಟ್ಟಿ ಹಾಕಬೇಕು, ಬಟ್ಟೆ ಹಿಂಡಬೇಕು.

ನನ್ನ ಸರದಿ ಬಂದಾಗ ಕ್ಯಾಂಟೀನಿನಲ್ಲಿ ಚಿತ್ರಾನ್ನದ ತಟ್ಟೆ ಎತ್ತಲು ಹೋಗಿ ಸಹಪಾಠಿ ಶಬಾನಾಳ ದುಪಟ್ಟಾದ ಮೇಲೆ ಮಗುಚಿದೆ. ಸಂಜೆ ಚಿಪ್ಪು ಬಿಚ್ಚುವಾಗ ಕಣ್ಣಲ್ಲಿ ನೀರು ಬಂದಿತ್ತು. ಮೇಡಂ ನೋಡಿದರು.

"ಕಷ್ಟ ಆಯ್ತಾ?"

"ಹೂಂ ಮೇಡಂ."

"ನೀನು ಸಂಜೆ ಬಿಚ್ಚಿಟ್ಟೆ ಕಣಯ್ಯಾ. ಅಷ್ಟು ಜ್ಞಾಪಕ ಇಟ್ಕೋ, ಮಿಕ್ಕಿದ್ದು ಬುಕ್ಕಲ್ಲಿದೆ."

ಅವರ ವಿಭಾಗದಲ್ಲಿ 'ಪಾಪ' ಎಂಬ ಮಾತಿಗೆ ಶಿಕ್ಷೆ ಇತ್ತು. ರೋಗಿಯ ಎದುರಿಗಾಗಲಿ ಬೆನ್ನ ಹಿಂದಾಗಲಿ 'ಪಾಪ' ಅಂದವರು ಆ ವಾರ ಮೊಂಡುಗೈಗೆ ತೊಡಿಸುವ ಹತ್ತಿ ಚೀಲಗಳನ್ನು ಒಗೆಯಬೇಕು. ಇಲಾಖೆಯಿಂದ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರು ಒಬ್ಬ ಹುಡುಗಿಯ ತಲೆ ಸವರಿ "ಅಯ್ಯೋ ಪಾಪ" ಅಂದುಬಿಟ್ಟರು. ನಾವೆಲ್ಲ ಮೇಡಂ ಕಡೆ ತಿರುಗಿದೆವು. ಮೇಡಂ ನಗುನಗುತ್ತಲೇ, "ಸಾರ್, ಆ ಕಡೆ ನಲ್ಲಿ ಇದೆ, ಸೋಪೂ ಇದೆ" ಅಂದರು. ಅವರಿಗೆ ಅರ್ಥವಾಗಲಿಲ್ಲ. ಕೈ ತೊಳೆದುಕೊಂಡು ಬಂದರು.

ಆ ತರಬೇತಿ ಚಿಪ್ಪನ್ನು ಅವರು ಸ್ಕೂಟಿಯ ಡಿಕ್ಕಿಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಡಿಕ್ಕಿ ಸರಿಯಾಗಿ ಮುಚ್ಚುತ್ತಿರಲಿಲ್ಲ. ಕುವೆಂಪುನಗರದ ಸಿಗ್ನಲ್ಲಿನಲ್ಲಿ ಒಬ್ಬ ಪೊಲೀಸ್ ಪೇದೆ ಕೊಕ್ಕೆ ಹೊರಗೆ ಚಾಚಿದ್ದನ್ನು ಕಂಡು ಗಾಡಿ ನಿಲ್ಲಿಸಿದನಂತೆ.

"ಇದ್ಯಾರ ಕೈ ಮೇಡಂ?"

"ಸದ್ಯಕ್ಕೆ ಯಾರದ್ದೂ ಅಲ್ಲ. ಹೆಲ್ಮೆಟ್ ಹಾಕ್ಕೊಂಡು ಗಾಡಿ ಓಡಿಸಿ, ನಿಮಗೆ ಬೇಕಾಗೋದು ಬೇಡ."

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ನಾವು ಅದನ್ನು ಆಗ ತಮಾಷೆ ಎಂದುಕೊಂಡಿದ್ದೆವು. ತರಬೇತಿ ಮುಗಿಸಿದ ರೋಗಿಯ ಕೆಲಸವನ್ನು ಮೊದಲು ಅವರು ತಮ್ಮ ಮೇಲೆ ಪರೀಕ್ಷಿಸಿಕೊಳ್ಳುತ್ತಿದ್ದರು. ಕೃತಕ ಕೈಯಲ್ಲಿ ಅಡಿಗೆ ಕಲಿತ ಹೆಂಗಸು ಮಾಡಿದ ಸಾರನ್ನು ಮೊದಲು ಉಂಡವರು ಮೇಡಂ. ಆಟೋ ಓಡಿಸುವವನು ಮತ್ತೆ ಹ್ಯಾಂಡಲ್ ಹಿಡಿದಾಗ ಹಿಂದಿನ ಸೀಟಿನಲ್ಲಿ ಕೂತು ಚಾಮುಂಡಿಬೆಟ್ಟ ಹತ್ತಿ ಇಳಿದವರೂ ಅವರೇ. "ನಾನು ಕೂರದ ಸೀಟಲ್ಲಿ ಬೇರೆಯವರನ್ನ ಹೆಂಗೆ ಕೂರಿಸ್ಲಿ?" ಅನ್ನುತ್ತಿದ್ದರು. ಇದೆಲ್ಲ ಗೊತ್ತಿದ್ದೂ ಆ ಮಂಗಳವಾರ ಆಗಲಿದ್ದುದು ನಮಗೆ ಹೊಳೆಯಲಿಲ್ಲ.

ಸಿದ್ದರಾಜು ನಮ್ಮಲ್ಲಿಗೆ ಬಂದದ್ದು ನಾನೂ ಶಬಾನಾಳೂ ಕೊನೆಯ ವರ್ಷದಲ್ಲಿದ್ದಾಗ. ನಂಜನಗೂಡು ರಸ್ತೆಯಲ್ಲಿ ಬೈಕಿನ ಅಪಘಾತವಾಗಿ ಅವರ ಬಲಗೈಯನ್ನು ಮೊಣಕೈಯ ಕೆಳಗೆ ತೆಗೆದಿದ್ದರು. ಕಸುಬು ಕ್ಷೌರ. ಅಪ್ಪನ ಕಾಲದ ಅಂಗಡಿಯನ್ನು ಅಣ್ಣ ಮಹದೇವಣ್ಣ ನಡೆಸುತ್ತಿದ್ದರು. ಮೂರು ಕುರ್ಚಿಗಳಲ್ಲಿ ಗೋಡೆಯ ಕಡೆಯದು ಸಿದ್ದರಾಜುವಿನದು. ಅದರ ಮೇಲೆ ಈಗ ಒಂದು ಟವೆಲ್ಲು ಹೊದಿಸಿಟ್ಟಿದ್ದರು. ದಸರೆಯ ಹೊತ್ತಿಗೆ ಆ ಕುರ್ಚಿಗೆ ಬೇರೆ ಆಳು ಹಾಕುವುದಾಗಿ ಅಣ್ಣ ಹೇಳಿಯಾಗಿತ್ತು. ಕೆಟ್ಟ ಮನುಷ್ಯನಲ್ಲ. ತಮ್ಮನಿಗೆ ಗಲ್ಲಾದಲ್ಲಿ ಕೂರಲು ಹೇಳಿದ್ದರು. ಸಿದ್ದರಾಜುವಿಗೆ ಅದು ಬೇಡವಾಗಿತ್ತು.

"ಗಲ್ಲಾದಲ್ಲಿ ಕೂತ್ರೆ ಬಂದೋರೆಲ್ಲ ಕೈ ನೋಡ್ತಾರೆ ಮೇಡಂ. ಕುರ್ಚಿ ಇಂದೆ ನಿಂತ್ರೆ ಕೆಲ್ಸ ನೋಡ್ತಾರೆ."

ಹಾಗೆಂದರೂ ಕೊಕ್ಕೆಯನ್ನು ಕಂಡು ಅವರು ಹಿಂದೆ ಸರಿದರು. ಯಾರೋ ಕೊಡಿಸಿದ ಮೈಬಣ್ಣದ ರಬ್ಬರ್ ಕೈಯೊಂದಿತ್ತು ಅವರ ಬಳಿ. ಅದನ್ನು ಯಾವಾಗಲೂ ಪ್ಯಾಂಟಿನ ಜೇಬಿನೊಳಗೆ ಇಟ್ಟಿರುತ್ತಿದ್ದರು. ಅದು ಏನನ್ನೂ ಹಿಡಿಯುತ್ತಿರಲಿಲ್ಲ.

"ಈ ಕಬ್ಣ ಹಾಕ್ಕೊಂಡ್ ಹೋದ್ರೆ ಗಿರಾಕಿ ಎದ್ದು ಓಡೋಯ್ತಾನೆ."

"ನಿಮ್ಮ ಗಿರಾಕಿ ಕತ್ತು ಬಗ್ಗಿಸ್ಕೊಂಡು ಕೂತಿರ್ತಾನೆ ಕಣ್ರೀ," ಅಂದರು ಮೇಡಂ. "ತಲೆ ಎತ್ತಿದ್ರೆ ಕನ್ನಡೀಲಿ ನೋಡ್ಕೊಳೋದು ತನ್ನ ಮುಖಾನೇ. ನಿಮ್ಮ ಕೈ ನೋಡೋಕೆ ಪುರುಸೊತ್ತು ಎಲ್ಲಿದೆ ಅವನಿಗೆ?"

ಸಿದ್ದರಾಜು ನಕ್ಕರು. ಅವರು ನಕ್ಕದ್ದನ್ನು ನಾವು ನೋಡಿದ್ದು ಅದೇ ಮೊದಲು. ಆ ವಾರವೇ ಕೊಕ್ಕೆಯ ಅಳತೆ ಕೊಟ್ಟರು.

ಮೇಡಂ ಯೋಜನೆ ಸ್ಪಷ್ಟವಾಗಿತ್ತು. ಕೊಕ್ಕೆಗೆ ಸ್ಪರ್ಶವಿಲ್ಲ, ಆದ್ದರಿಂದ ಅದು ಹಿಡಿದುಕೊಳ್ಳುವ ಕೈ. ಜೀವ ಇರುವ ಎಡಗೈ ಇನ್ನು ಮುಂದೆ ಕೆಲಸ ಮಾಡುವ ಕೈ. ಬಾಚಣಿಗೆ ಕೊಕ್ಕೆಗೆ, ಕತ್ತರಿ ಎಡಗೈಗೆ. ಕೂದಲು ತೆಗೆಯುವ ಮಿಷಿನ್ನನ್ನು ಎಡಗೈಯಲ್ಲಿ ಓಡಿಸಬಹುದಿತ್ತು, ಆದರೆ ಅದಕ್ಕೂ ಕೂದಲನ್ನು ಎತ್ತಿ ಹಿಡಿಯುವ ಬಾಚಣಿಗೆ ಬೇಕು. ಅಲ್ಲದೆ ಕತ್ತರಿ ಆಡದವನನ್ನು ಆ ಅಂಗಡಿಯಲ್ಲಿ ಕೆಲಸಗಾರ ಎನ್ನುತ್ತಿರಲಿಲ್ಲ. ಉಕ್ಕಿನ ಮೇಲೆ ಬಾಚಣಿಗೆ ಜಾರದ ಹಾಗೆ ಮೇಡಂ ಕೊಕ್ಕೆಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರು. ಮಣಿಕಟ್ಟು ಬಾಗದಿದ್ದುದರಿಂದ ಗಿರಾಕಿಯ ತಲೆ ತಿರುಗಿಸುವ ಬದಲು ಸಿದ್ದರಾಜು ತಾವೇ ಕುರ್ಚಿಯ ಸುತ್ತ ಹೆಜ್ಜೆ ಹಾಕುವುದನ್ನು ಕಲಿಸಿದರು. ಅಭ್ಯಾಸಕ್ಕೆ ಬೋರಲು ಹಾಕಿದ ಮಡಿಕೆಗೆ ಚೌರಿ ಕೂದಲು ಕಟ್ಟಿದ್ದೆವು.

"ಕತ್ತರಿ ಅವರದ್ದೇ ತರಿಸಿ," ಎಂದು ಮೇಡಂ ನಮಗೆ ಹೇಳಿದ್ದರು. ರೋಗಿಯ ಕೈಗೆ ಅವನದೇ ಸಾಮಾನು ಕೊಡಬೇಕು, ಪರಿಚಯದ ಸಾಮಾನು ಕೈಗೆ ಧೈರ್ಯ ತರುತ್ತದೆ ಎಂಬುದು ಅವರು ನಮಗೆ ಮೊದಲಿನಿಂದ ಕಲಿಸಿದ ಪಾಠ. ಸಿದ್ದರಾಜು ಅಪ್ಪನಿಂದ ಬಂದ ಕತ್ತರಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದರು. ಬಿಡಿಸಿ, ಕಣ್ಣಿಗೆ ಒತ್ತಿಕೊಂಡು, ಎಡಗೈಗೆ ತೆಗೆದುಕೊಂಡರು.

ಕತ್ತರಿ ಕೂದಲನ್ನು ಕತ್ತರಿಸಲಿಲ್ಲ. ಅಲಗುಗಳ ನಡುವೆ ಕೂದಲು ಮಡಿಚಿಕೊಂಡು ಹೊರಗೆ ಬರುತ್ತಿತ್ತು. ಎಡಗೈಗೆ ಬಲ ಸಾಲದು ಎಂದು ನಾವು ತೀರ್ಮಾನಿಸಿದೆವು. ರಬ್ಬರ್ ಚೆಂಡು ಹಿಸುಕಿಸಿದೆವು, ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ತೆಗೆಸಿ ಹಾಕಿಸಿದೆವು. ಬೆರಳು ಗಟ್ಟಿಯಾದವು, ಕೂದಲು ಮಡಿಚುವುದು ನಿಲ್ಲಲಿಲ್ಲ. ವಾರಗಳು ಹೋದವು. ಒಂದು ಮಧ್ಯಾಹ್ನ ಸಿದ್ದರಾಜು ಕತ್ತರಿಯನ್ನು ಮಡಿಕೆಯ ಪಕ್ಕ ಮೆಲ್ಲಗೆ ಇಟ್ಟರು. ಎಸೆಯಲಿಲ್ಲ. ಎಸೆದಿದ್ದರೆ ನಮಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಬಲಗೈಲಿ ಇದ್ದ ಇದ್ಯೆ ಬಲಗೈ ಜೊತೇಲೇ ಹೋಯ್ತು ಬುಡಿ. ಈ ಕೈಗೆ ಬರಾಕಿಲ್ಲ."

ಅವರು ಹೋದ ಮೇಲೆ ಶಬಾನಾಳೂ ನಾನೂ ಮಡಿಕೆಯ ಮುಂದೆಯೇ ಕೂತಿದ್ದೆವು. ಮೇಡಂ ಒಳಗೆ ಬಂದು, ನಡೆದದ್ದು ಕೇಳಿ, ತರಬೇತಿ ಚಿಪ್ಪನ್ನು ತಮ್ಮ ಬಲಗೈಗೆ ಏರಿಸಿಕೊಂಡರು. ಶಬಾನಾ ಪಟ್ಟಿ ಬಿಗಿದಳು. ಕೊಕ್ಕೆಯಲ್ಲಿ ಬಾಚಣಿಗೆ, ಎಡಗೈಯಲ್ಲಿ ಸಿದ್ದರಾಜುವಿನ ಕತ್ತರಿ. ಮಡಿಕೆಯ ಮುಂದೆ ನಿಂತು ಒಂದು ಎಳೆ ಎತ್ತಿ ಕತ್ತರಿ ಒತ್ತಿದರು. ಕೂದಲು ಮಡಿಚಿಕೊಂಡಿತು. ಮತ್ತೆ ಒತ್ತಿದರು, ಮತ್ತೆ ಮಡಿಚಿಕೊಂಡಿತು. ಚಿಪ್ಪನ್ನು ಬಿಚ್ಚಿಸಿ ಕತ್ತರಿಯನ್ನು ಬಲಗೈಗೆ ಬದಲಾಯಿಸಿದರು. ಅದೇ ಎಳೆ ಕಚಕ್ಕೆಂದು ತುಂಡಾಗಿ ನೆಲಕ್ಕೆ ಬಿತ್ತು.

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಕತ್ತರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೆಗೆದು ಮುಚ್ಚಿ ನೋಡಿದರು. ಬಲಗೈ ಒತ್ತಿದರೆ ಅಲಗು ಒಂದಕ್ಕೊಂದು ಬಿಗಿಯಾಗುತ್ತದೆ, ಅದೇ ಕತ್ತರಿಯನ್ನು ಎಡಗೈ ಒತ್ತಿದರೆ ಅಲಗುಗಳು ದೂರವಾಗುತ್ತವೆ. ಚಿಕ್ಕ ಮಕ್ಕಳಿಗೆ ಪೇಪರ್ ಕತ್ತರಿ ಕೊಡುವಾಗ ಎಡಚ ಮಕ್ಕಳಿಗೆ ಬೇರೆ ಕತ್ತರಿ ಕೊಡಬೇಕೆಂದು ಅವರೇ ನಮಗೆ ಪಾಠ ಮಾಡಿದ್ದರು. ಅಪ್ಪನ ಕತ್ತರಿ ಎಂಬ ಗೌರವದಲ್ಲಿ ಯಾರಿಗೂ ಅದು ನೆನಪಾಗಿರಲಿಲ್ಲ.

ಮರುದಿನ ಸಿದ್ದರಾಜುವನ್ನು ಕರೆಸಿದರು. ಅವರು ಬಂದಾಗ ಮೇಡಂ ಎದ್ದು ನಿಂತರು. ನಾವೂ ಎದ್ದೆವು.

"ನಿಮ್ಮ ಕೈ ಚೆನ್ನಾಗಿದೆ ಕಣ್ರೀ. ಕತ್ತರಿ ಬಲಗೈದು. ಅದನ್ನ ಎಡಗೈಗೆ ಕೊಟ್ಟೋಳು ನಾನು. ಇಷ್ಟು ದಿನ ನಿಮ್ಮ ಕೈನ ಬೈಸಿಬಿಟ್ಟೆ. ತಪ್ಪು ನಂದು."

ಸಿದ್ದರಾಜು ತಮ್ಮ ಎಡ ಅಂಗೈಯನ್ನು ಎತ್ತಿ ನೋಡಿಕೊಂಡರು. ಆಮೇಲೆ ಅದಕ್ಕೇ ಹೇಳುವವರ ಹಾಗೆ, "ಸುಮ್ಕೆ ಬೈದ್ಬುಟ್ನಲ್ಲೋ ನಿಂಗೆ," ಅಂದರು.

ಕ್ಷೌರಕ್ಕೆ ಆಗುವಂಥ ಎಡಗೈ ಕತ್ತರಿ ಪೇಟೆಯಲ್ಲಿ ಸಿಗಲಿಲ್ಲ. ಮೇಡಂ ಸ್ಕೂಟಿ ಹತ್ತಿ ಕುವೆಂಪುನಗರದ ಬ್ಯೂಟಿ ಪಾರ್ಲರುಗಳನ್ನು ಒಂದೊಂದಾಗಿ ಹೊಕ್ಕರು. "ನಿಮ್ಮಲ್ಲಿ ಯಾರಾದ್ರೂ ಎಡಚರು ಇದೀರೇನಮ್ಮಾ?" ಎಂದು ಬಾಗಿಲಲ್ಲೇ ಕೇಳುತ್ತಿದ್ದರಂತೆ. ಒಂದು ಕಡೆ ಒಬ್ಬ ಹುಡುಗಿ ಹೆದರುತ್ತಾ ಕೈ ಎತ್ತಿದಳು, ಎಡಗೈಯನ್ನೇ. ಅವಳ ಕತ್ತರಿ ಎಲ್ಲಿಯದೆಂದು ಕೇಳಿ ಅಂಥದೇ ಒಂದನ್ನು ತರಿಸುವವರೆಗೆ, ಸಂಜೆ ಪಾರ್ಲರ್ ಮುಚ್ಚಿದ ಮೇಲೆ ಅವಳದನ್ನೇ ಎರವಲು ತಂದು ಸಿದ್ದರಾಜುವಿಗೆ ಕೊಟ್ಟರು. ಮೊದಲ ಸಲ ಎಳೆ ತುಂಡಾಗಿ ಬಿದ್ದಾಗ ಶಬಾನಾ ಕೂಗಿದ ಕೂಗಿಗೆ ಪಕ್ಕದ ವಿಭಾಗದವರು ಏನಾಯಿತೆಂದು ಓಡಿ ಬಂದರು. ಆಮೇಲಿನ ದಿನಗಳಲ್ಲಿ ಮಡಿಕೆಯ ಮೇಲಿನ ಚೌರಿ ಸವೆದು ಸವೆದು ಬೆರಳುದ್ದಕ್ಕೆ ಬಂತು.

ಈಗ ಮತ್ತೆ ಆ ಮಂಗಳವಾರಕ್ಕೆ ಬರುತ್ತೇನೆ.

ಅಂಗಡಿಯಲ್ಲಿದ್ದವರು ಇಷ್ಟೇ. ಮಹದೇವಣ್ಣ, ಸಿದ್ದರಾಜು, ಮೇಡಂ, ಶಬಾನಾ, ನಾನು. ಪಕ್ಕದ ಅಂಗಡಿಯ ಟೈಲರ್ ಅಸ್ಲಂ ಭಾಯಿ ಸ್ವಲ್ಪ ಹೊತ್ತಿನ ಮೇಲೆ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದರು. ಮಡಿಕೆಯ ಮೇಲೆ ಎಷ್ಟು ಮಾಡಿದರೂ ಅಣ್ಣ ಒಪ್ಪುವುದಿಲ್ಲವೆಂದು ನಿಜವಾದ ತಲೆಯ ಮೇಲೆ, ಅವರ ಕಣ್ಣೆದುರಿಗೇ, ಆ ಕುರ್ಚಿಯಲ್ಲೇ ಮಾಡಿ ತೋರಿಸುವುದೆಂದು ಮಾತಾಗಿತ್ತು. ತಲೆ ನನ್ನದು. ಅದಕ್ಕಾಗಿ ಎರಡು ತಿಂಗಳಿಂದ ಕೂದಲು ಬಿಟ್ಟಿದ್ದೆ. ಶಬಾನಾ ವಿಡಿಯೊ ತೆಗೆಯಲು ಫೋನು ಎತ್ತಿದಳು. "ಬ್ಯಾಗೊಳಗೆ ಹಾಕು. ಅವರು ಕೆಲಸಕ್ಕೆ ಬಂದಿರೋದು," ಅಂದರು ಮೇಡಂ. ಆದ್ದರಿಂದ ಆ ದಿನದ ಚಿತ್ರ ಎಲ್ಲೂ ಇಲ್ಲ.

ನಾನು ಕುರ್ಚಿಯ ಕಡೆ ಹೆಜ್ಜೆ ಇಟ್ಟಾಗ ಮಹದೇವಣ್ಣ ನಕ್ಕುಬಿಟ್ಟರು.

"ಅಲ್ಲ ಕಣಮ್ಮೋ, ಈ ಕಾಲೇಜು ಐಕ್ಳ ತಲೆ ಎಂಗಿದ್ರೇನು? ಇಲಿ ಕಡ್ದಂಗಿದ್ರೂ ಪ್ಯಾಶನ್ನು ಅಂತವೆ. ಇವ್ನ ತಲೆ ಕೆಟ್ರೆ ಯಾರ್ಗ್ ಗೊತ್ತಾಯ್ತದೆ? ಇದು ಪರೀಕ್ಸೆ ಅಲ್ಲ ಬುಡಿ. ನಿಮ್ಮಂತೋರ ತಲೆ ಆಗಿದ್ರೆ ಒಪ್ಬೋದಿತ್ತು."

ಅವರು ತಮಾಷೆಗೆ ಅಂದದ್ದು. ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಮೇಡಂ ಒಂದು ಗಳಿಗೆ ಅವರನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಆ ಶಟರ್ ಹಿಡ್ಕೋ ಹೋಗಯ್ಯಾ," ಅಂದರು. ತುರುಬಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಶಬಾನಾಳ ಕೈಗೆ ಕೊಟ್ಟರು. ಜಡೆ ಬೆನ್ನ ಮೇಲೆ ಇಳಿಯಿತು. ಮೂರನೇ ಕುರ್ಚಿಯ ಮೇಲಿದ್ದ ಟವೆಲ್ಲನ್ನು ತೆಗೆದು, ಮಡಿಸಿ, ಪಕ್ಕಕ್ಕಿಟ್ಟು, ಕೂತರು.

"ಕತ್ತು ಕಾಣೋ ಹಾಗೆ. ಹಿಂದೆ ಕತ್ತರಿ ಬಾಚಣಿಗೆ ಕೆಲಸ ಬರಬೇಕು. ಶುರು ಮಾಡಿ."

ಸಿದ್ದರಾಜು ಒಂದು ಹೆಜ್ಜೆ ಹಿಂದೆ ಸರಿದರು. "ಬ್ಯಾಡಿ ಮೇಡಂ. ಹೆಂಗಸ್ರ ತಲೆ. ಮಂಗ್ಳಾರ ಬ್ಯಾರೆ."

"ಮಂಗಳವಾರ ರಜಾ ಇರೋದು ನಿಮಗೆ. ನನಗಲ್ಲ."

ಮಹದೇವಣ್ಣ ಮುಂದೆ ಬಂದು ಕೈ ಮುಗಿದರು. "ಅಮ್ಮಾವ್ರೇ, ನಾನು ತಮಾಸೆಗಂದೆ. ಏಳಿ. ದೊಡ್ಡ ಮನೆತನದೋರು ನೀವು. ಮನೇಲಿ ಏನಂದಾರು?"

ಮೇಡಂ ಕನ್ನಡಿಯಲ್ಲೇ ಅವರಿಗೆ ಉತ್ತರ ಕೊಟ್ಟರು. ದನಿ ಏರಲಿಲ್ಲ. "ನಮ್ಮ ತಾತನ ಅಕ್ಕಂಗೆ ಚಿಕ್ಕ ವಯಸ್ಸಲ್ಲೇ ಗಂಡ ಹೋದ. ಕೂರಿಸಿ ತಲೆ ಬೋಳಿಸಿದ್ರು. ಬೇಕಾ ಬೇಡವಾ ಅಂತ ಅವರನ್ನ ಒಬ್ರೂ ಕೇಳ್ಲಿಲ್ಲ. ದೊಡ್ಡ ಮನೆತನಾನೇ ಅದೂ. ನನ್ನನ್ನ ಇಲ್ಲಿ ಯಾರೂ ಕೂರಿಸಿಲ್ಲ ಮಹದೇವಣ್ಣ. ನಾನೇ ಕೂತಿದೀನಿ."

 ಮಹದೇವಣ್ಣ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು.

ಸಿದ್ದರಾಜು ಬಟ್ಟೆ ಹೊದಿಸಿದರು. ಅದರ ಗಂಟನ್ನು ಕೊಕ್ಕೆ ಮತ್ತು ಎಡಗೈ ಸೇರಿ ಕಟ್ಟಿದವು. ಜಡೆಯ ಬುಡವನ್ನು ಕೊಕ್ಕೆಯಲ್ಲಿ ಹಿಡಿದರು. ಆ ಹಿಡಿತವನ್ನು ನಾನು ಮರೆಯಲಾರೆ. ಅಷ್ಟು ದಪ್ಪ ಜಡೆಯನ್ನು ಯಾವ ಬೆರಳೂ ಅಷ್ಟು ಅಲುಗದಂತೆ ಹಿಡಿಯುತ್ತಿರಲಿಲ್ಲ. ಕತ್ತರಿ ನಾಲ್ಕೈದು ಸಲ ಆಡಿತು. ಜಡೆ ಇಡಿಯಾಗಿ ಕೊಕ್ಕೆಯಲ್ಲೇ ಉಳಿಯಿತು. ಸಿದ್ದರಾಜು ಅದನ್ನು ಕನ್ನಡಿಯ ಮುಂದಿನ ಹಲಗೆಯ ಮೇಲೆ, ಮಗುವನ್ನು ಮಲಗಿಸುವ ಹಾಗೆ ಇಟ್ಟರು. ಶಬಾನಾ ಅಳುತ್ತಿದ್ದಳು. ನಾನು ಶಟರನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಅದರ ಅಂಚು ಮೂಡಿತ್ತು.

ಆಮೇಲೆ ಬಾಚಣಿಗೆ. ಕೊಕ್ಕೆಗೆ ಸಿಕ್ಕಿಸಿ ಕತ್ತಿನ ಹಿಂದಕ್ಕೆ ತಂದರು. ಭುಜ ಅಳತೆ ಮೀರಿ ಎದ್ದಿತು, ಕೊಕ್ಕೆ ಬಾಯಿ ತೆರೆಯಿತು, ಬಾಚಣಿಗೆ ನೆಲಕ್ಕೆ ಬಿತ್ತು. ಆ ಸಣ್ಣ ಸದ್ದಿಗೆ ಎಲ್ಲರೂ ಬೆಚ್ಚಿದೆವು. ಮಹದೇವಣ್ಣ ತಿರುಗಿ ನೋಡಲಿಲ್ಲ, ತಲೆಯನ್ನಷ್ಟೇ ಇನ್ನೂ ತಗ್ಗಿಸಿದರು.

"ಬಿದ್ದಿದ್ದು ಬಾಚಣಿಗೆ," ಅಂದರು ಮೇಡಂ. "ನನ್ನ ಕಿವಿ ಅಲ್ಲವಲ್ಲ? ತೊಳ್ಕೊಂಡು ಬನ್ನಿ."

ಸಿದ್ದರಾಜು ತೊಳೆದುಕೊಂಡು ಬಂದರು. ಮತ್ತೆ ಸಿಕ್ಕಿಸಿದರು. ಈ ಸಲ ಭುಜ ಇಳಿದಿತ್ತು. ಬಾಚಣಿಗೆ ಕೂದಲನ್ನು ಎತ್ತಿತು, ಕತ್ತರಿ ಅದರ ಅಂಚಿನಲ್ಲಿ ಹಾದಿತು. ಒಂದು ಹೆಜ್ಜೆ ಸರಿದರು. ಮತ್ತೆ ಎತ್ತಿದರು. ಬಿಳಿ ಕಪ್ಪು ತುಣುಕುಗಳು ಬಟ್ಟೆಯ ಮೇಲೆ ಉದುರತೊಡಗಿದವು.

ಕ್ಷೌರದವರ ಒಂದು ಅಭ್ಯಾಸವನ್ನು ನೀವು ಗಮನಿಸಿರಬಹುದು. ಒಂದು ಎಳೆಗೂ ಇನ್ನೊಂದು ಎಳೆಗೂ ನಡುವೆ ಅವರ ಕತ್ತರಿ ಸುಮ್ಮನಿರುವುದಿಲ್ಲ, ಬರಿಗಾಳಿಯಲ್ಲಿ ಕಚಕಚ ಆಡುತ್ತಲೇ ಇರುತ್ತದೆ. ಯಾರೂ ಅದನ್ನು ಕಲಿಸುವುದಿಲ್ಲ, ಕೆಲಸ ಕೈಗೆ ಹತ್ತಿದಾಗ ತಾನಾಗಿ ಬರುತ್ತದೆ. ನಮ್ಮಲ್ಲಿ ಅಭ್ಯಾಸ ಮಾಡುವಾಗ ಸಿದ್ದರಾಜುವಿನ ಕತ್ತರಿ ಒಮ್ಮೆಯೂ ಹಾಗೆ ಆಡಿರಲಿಲ್ಲ. ಅಲ್ಲಿ ಅವರು ಒಂದೊಂದು ಕತ್ತರಿಕೆಯನ್ನೂ ಯೋಚಿಸಿ ಮಾಡುತ್ತಿದ್ದರು. ಬಲಗಿವಿಯ ಹಿಂದಿನಿಂದ ಎಡಗಿವಿಯ ಕಡೆಗೆ ಅರ್ಧ ದಾರಿ ಬಂದಿದ್ದರು. ಆಗ ಅದು ಕೇಳಿಸಿತು. ಕಚಕಚ, ಕಚಕಚ. ಕತ್ತರಿ ಗಾಳಿಯಲ್ಲಿ ಆಡುತ್ತಿತ್ತು. ಸಿದ್ದರಾಜುವಿಗೆ ಅದು ಗೊತ್ತೇ ಇರಲಿಲ್ಲ.

ಮಹದೇವಣ್ಣ ಗೋಡೆ ಬಿಟ್ಟು ತಿರುಗಿದರು. ತಲೆಯನ್ನು ನೋಡಲಿಲ್ಲ, ಕೂದಲನ್ನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಆ ಸದ್ದನ್ನು ಕೇಳಿಸಿಕೊಂಡರು. "ನಮ್ಮಪ್ಪಂದು ಹಿಂಗೇ," ಎಂದು ಅಸ್ಲಂ ಭಾಯಿಗೆ ಪಿಸುಗುಟ್ಟಿದರು. ಅಸ್ಲಂ ಭಾಯಿ ಅವರ ಭುಜ ಹಿಡಿದುಕೊಂಡರು.

ಮುಗಿದಾಗ ಕನ್ನಡಿಯಲ್ಲಿ ಒಬ್ಬ ಬೇರೆ ಹೆಂಗಸು ಕೂತಿದ್ದರು. ಕತ್ತು ನೀಳವಾಗಿ ಕಾಣುತ್ತಿತ್ತು, ಬಿಳಿಗೂದಲು ಬೆಳ್ಳಿಯ ಹಾಗೆ ತಲೆಗೆ ಅಂಟಿಕೊಂಡಿತ್ತು. ಮಹದೇವಣ್ಣ ಹತ್ತಿರ ಬಂದು, ಮೇಡಂ ಅಪ್ಪಣೆ ಕೇಳಿ, ಹೆಬ್ಬೆರಳನ್ನು ಕತ್ತಿನ ಹಿಂದಿನ ಅಂಚಿನ ಗುಂಟ ಹಾಯಿಸಿದರು.

"ಎಡಗಡೆ ಒಂದೆಳೆ ಉದ್ದ ಐತೆ."

ಸಿದ್ದರಾಜು ಬಗ್ಗಿ ನೋಡಿ ಅದನ್ನು ತೆಗೆದರು. ಮಹದೇವಣ್ಣ ಮತ್ತೆ ಹೆಬ್ಬೆರಳು ಹಾಯಿಸಿದರು.  ಬ್ರಷ್ಷಿನಲ್ಲಿ ಮೇಡಂ ಕತ್ತಿನ ಮೇಲಿನ ಕೂದಲನ್ನು ತಾವೇ ಒರೆಸಿದರು. ಆಮೇಲೆ ತಮ್ಮನ ಮುಖ ನೋಡದೆ, "ನಾಳೆ ಬೆಳಗ್ಗೆ ಬಂದ್ಬುಡು. ಕುರ್ಚಿ ಧೂಳು ನೀನೇ ಒರಸ್ಕೊ, ನಾನು ಒರಸಾಕಿಲ್ಲ," ಅಂದರು.

ಸಿದ್ದರಾಜು ಅಲ್ಲೇ, ಕೊಕ್ಕೆಯಲ್ಲಿ ಬಾಚಣಿಗೆ ಹಿಡಿದುಕೊಂಡೇ, ನಕ್ಕರು. ಅಸ್ಲಂ ಭಾಯಿ ಚಪ್ಪಾಳೆ ತಟ್ಟಿದರು. ಶಬಾನಾ ತಟ್ಟಿದಳು. ನಾನೂ ತಟ್ಟಲು ಹೋಗಿ ಶಟರ್ ಬಿಟ್ಟೆ. ಅದು ಧಡಾರೆಂದು ಕೆಳಗೆ ಬಿದ್ದು ಅಂಗಡಿ ಕತ್ತಲಾಯಿತು. ಕತ್ತಲಲ್ಲಿ ಎಲ್ಲರೂ ನಗುತ್ತಿದ್ದರು. ಮೇಡಂ ದನಿ ಮಾತ್ರ ನಗುವಿನ ನಡುವೆ ಪಾಠದ ದನಿಯಲ್ಲೇ ಕೇಳಿಸಿತು.

"ಸಿದ್ದರಾಜು, ಭುಜ ಅಷ್ಟು ಎತ್ತಬೇಡಿ. ನಾಳೆ ನಾಕು ತಲೆ ಆದ್ಮೇಲೆ ನೋವು ಬರತ್ತೆ."

ಅಷ್ಟು ಹೊತ್ತೂ ಅವರು ಕನ್ನಡಿಯಲ್ಲಿ ನೋಡುತ್ತಿದ್ದುದು ತಮ್ಮ ಮುಖವನ್ನಲ್ಲ.

ಆಯುಧಪೂಜೆಯ ದಿನ ಮಹದೇವಣ್ಣ ನಮ್ಮನ್ನೆಲ್ಲ ಕರೆದಿದ್ದರು. ಕತ್ತರಿ, ಬಾಚಣಿಗೆ, ಮಿಷಿನ್ನು, ಅಪ್ಪನ ಹಳೆಯ ಕತ್ತರಿ, ಎಲ್ಲವನ್ನೂ ಹಲಗೆಯ ಮೇಲೆ ಜೋಡಿಸಿ, ಸಿದ್ದರಾಜುವಿನ ಕೊಕ್ಕೆಯನ್ನೂ ಬಿಚ್ಚಿಸಿ ಸಾಲಿನಲ್ಲಿಟ್ಟು ಕುಂಕುಮ ಹಚ್ಚುತ್ತಿದ್ದರು. ಮೇಡಂ ತಡೆದರು. "ಅದು ಆಯುಧ ಅಲ್ಲ ಕಣ್ರೀ. ಕೈ. ತೆಗೆದು ಅವರಿಗೆ ಹಾಕಿ." ಮಹದೇವಣ್ಣ ಒಪ್ಪಿ, ಅದನ್ನು ತಮ್ಮನಿಗೆ ತಾವೇ ತೊಡಿಸಿ ಪಟ್ಟಿ ಬಿಗಿದರು. ಮಂಗಳಾರತಿ ಬಂದಾಗ ಸಿದ್ದರಾಜು ಎಡಗೈಯನ್ನೂ ಕೊಕ್ಕೆಯನ್ನೂ ಜೋಡಿಸಿಯೇ ಆರತಿ ತೆಗೆದುಕೊಂಡರು.

ಮೇಡಂ ಮತ್ತೆ ಜಡೆ ಬಿಡಲಿಲ್ಲ. ಕೂದಲು ಕತ್ತಿಗೆ ಇಳಿದಾಗಲೆಲ್ಲ ಲಷ್ಕರ್ ಮೊಹಲ್ಲಾಕ್ಕೆ ಹೋಗುತ್ತಿದ್ದರು. ಕೊಯ್ದ ಜಡೆಯನ್ನು ಅವರು ಮನೆಗೆ ಒಯ್ಯಲಿಲ್ಲ. ಮರುದಿನ ನಮ್ಮ ವಿಭಾಗಕ್ಕೆ ತಂದು, ಸವೆದ ಚೌರಿಯನ್ನು ಕಿತ್ತು, ಮಡಿಕೆಗೆ ಕಟ್ಟಿಸಿದರು. ಈಗ ಆ ವಿಭಾಗದಲ್ಲಿ ಪಾಠ ಮಾಡುವವನು ನಾನು. ಮಡಿಕೆ ಬದಲಾಗಿದೆ, ಜಡೆ ಅದೇ. ಹೆಣ್ಣುಮಕ್ಕಳಿಗೆ ಒಂದೇ ಕೈಯಲ್ಲಿ ಜಡೆ ಹೆಣೆಯುವುದನ್ನು ಅದರ ಮೇಲೆಯೇ ಕಲಿಸುತ್ತೇನೆ.

ಇಷ್ಟೇ ನಡೆದದ್ದು. ತಲೆ ಬೋಳಿಸಿಕೊಂಡಿಲ್ಲ, ಜನಜಂಗುಳಿ ಇರಲಿಲ್ಲ, ಕೈ ಎಲೆಕ್ಟ್ರಾನಿಕ್ ಅಲ್ಲ. ಕೇಬಲ್ಲು, ರಬ್ಬರ್ ಬ್ಯಾಂಡು, ಸೈಕಲ್ ಟ್ಯೂಬಿನ ತುಂಡು. ನೋಡಿದವರಲ್ಲಿ ಮಹದೇವಣ್ಣ ಈಗಿಲ್ಲ. ಉಳಿದವರು ಇದ್ದಾರೆ. ಶಬಾನಾ ಚಾಮರಾಜನಗರದಲ್ಲಿದ್ದಾಳೆ. ಅವಳ ವಿಭಾಗದಲ್ಲೂ 'ಪಾಪ' ಅಂದವರು ಚೀಲ ಒಗೆಯುತ್ತಾರೆ. ಅಸ್ಲಂ ಭಾಯಿಯ ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ಸಿದ್ದರಾಜು ಇದ್ದಾರೆ, ಗೋಡೆಯ ಕಡೆಯ ಮೂರನೇ ಕುರ್ಚಿಯ ಹಿಂದೆ. ಹೋಗಿ ಕೂತು, ಕಣ್ಣು ಮುಚ್ಚಿಕೊಂಡು ಆ ಕತ್ತರಿಯ ಸದ್ದು ಕೇಳಿ. ಮಂಗಳವಾರ ಒಂದು ಬಿಟ್ಟು.